ಪರವೂರಲ್ಲಿ ಊಟದ ಜಾಗ ಹುಡುಕುವ ವಿದ್ಯೆ: ಡಿ.ಸಿ., ಅಟ್ಲಾಂಟಾ, ಕೆರೊಲಿನಾ

ವರ್ಷಕ್ಕೆ ಎರಡು ಮೂರು ಸಲವಾದರೂ ನಾವು ವಿದ್ಯಾರ್ಥಿಗಳು ಬೇರೆ ಊರಿಗೆ ಹೊರಡುತ್ತೇವೆ. ಕಾನ್ಫರೆನ್ಸ್ ಪೋಸ್ಟರ್ ಹಿಡಿದು ಅಟ್ಲಾಂಟಾ, ಇಂಟರ್ನ್‌ಶಿಪ್ಪಿಗೆ ಷಾರ್ಲಟ್, ಸ್ಪ್ರಿಂಗ್ ಬ್ರೇಕಿನಲ್ಲಿ ಐದು ಜನ ಸೇರಿ ಬಾಡಿಗೆ ಕಾರಲ್ಲಿ ವಾಷಿಂಗ್ಟನ್ ಡಿ.ಸಿ. ಟಿಕೆಟ್ಟು, ರೂಮು ಎಲ್ಲಾ ತಿಂಗಳ ಮುಂಚೆ ಬುಕ್ ಮಾಡ್ತೀವಿ. ಊಟದ ವಿಷಯ ಬಂದರೆ ಮಾತ್ರ "ಅಲ್ಲೇ ನೋಡ್ಕೊಂಡ್ರಾಯ್ತು" ಅಂತೀವಿ. ಆಮೇಲೆ ಏನಾಗತ್ತೆ ಅಂತ ನಿಮಗೆ ಗೊತ್ತೇ ಇದೆ. ಮ್ಯೂಸಿಯಂ ಸುತ್ತಿ ಸುಸ್ತಾಗಿ, ಹತ್ತಿರದಲ್ಲಿ ಕಂಡಲ್ಲಿ ನುಗ್ಗಿ, ಒಂದು ದಿನದ ದಿನಸಿ ಖರ್ಚನ್ನು ಒಂದು ಸ್ಯಾಂಡ್‌ವಿಚ್ಚಿಗೆ ಕೊಟ್ಟು ಬರ್ತೀವಿ. ಗುಂಪಿನಲ್ಲಿ ಒಬ್ಬ ಸಸ್ಯಾಹಾರಿ ಇದ್ದರಂತೂ ಮೂರು ದಿನ ಫ್ರೆಂಚ್ ಫ್ರೈಸೇ ಗತಿ.

ಅಸಿಸ್ಟೆಂಟ್‌ಶಿಪ್ ಸಂಬಳದಲ್ಲಿ ಬದುಕುವವರಿಗೆ ಇದು ಸಣ್ಣ ವಿಷಯವಲ್ಲ. ಊಟಕ್ಕೆ ದುಡ್ಡು ಸಾಲಲ್ಲ ಅಂತ ಪ್ರವಾಸಕ್ಕೇ ಬರದ ಸ್ನೇಹಿತರು ನಮ್ಮ ನಡುವೆ ಇದ್ದಾರೆ. ಅದಕ್ಕೇ ಈ ಪಾಠ. ಇದರ ಸಾರ ಒಂದೇ ಮಾತಿನಲ್ಲಿ ಹೇಳೋದಾದರೆ: ಯಾವುದೇ ಊರಲ್ಲಿ ಕಡಿಮೆ ಬೆಲೆಯ ಒಳ್ಳೆ ಊಟ ಸಿಗೋದು, ನಮ್ಮ ಹಾಗೇ ದೂರದಿಂದ ಬಂದವರು ತಮ್ಮವರಿಗಾಗಿ ಅಡುಗೆ ಮಾಡುವ ಕಡೆ. ಆ ಜಾಗ ಗುರುತಿಸೋಕೆ ಕೆಲವು ಲಕ್ಷಣಗಳಿವೆ.

ಮೊದಲು ಬಾಡಿಗೆ ನೋಡಿ

ಬೆಂಗಳೂರಿನ ದರ್ಶಿನಿಗಳನ್ನು ನೆನಪಿಸಿಕೊಳ್ಳಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರ ತುಂಬಾ ಅದೇ ಮಾದರಿ ಹಬ್ಬಿತು. ಪುಟ್ಟ ಜಾಗ, ಕೂರೋಕೆ ಕುರ್ಚಿ ಇಲ್ಲ, ಟೇಬಲ್ಲಿಗೆ ತಂದುಕೊಡುವವರಿಲ್ಲ, ನಿಂತು ತಿಂದು ಹೊರಡಬೇಕು. ಬಾಡಿಗೆ, ಕೂಲಿ ಕಡಿಮೆಯಾದ್ದರಿಂದ ದೋಸೆ ಅಗ್ಗ. ಜನ ಬಿಡುವಿಲ್ಲದೆ ಬರೋದರಿಂದ ಹಿಟ್ಟು ಹಳಸೋಕೆ ಪುರುಸೊತ್ತೇ ಇಲ್ಲ. ಅಗ್ಗಕ್ಕೂ ರುಚಿಗೂ ಜಗಳ ಇಲ್ಲ ಅನ್ನೋದು ನಮಗೆ ಊರಿಂದಲೇ ಗೊತ್ತಿರುವ ಸಂಗತಿ. ಅಮೆರಿಕಕ್ಕೆ ಬಂದ ಮೇಲೆ ಮರೆತುಬಿಡ್ತೀವಿ, ಅಷ್ಟೆ.

ಡಿ.ಸಿ. ಪಕ್ಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಟೈಲರ್ ಕೋವೆನ್ ವರ್ಷಗಳಿಂದ ಆ ಸುತ್ತಿನ ವಲಸಿಗರ ಹೋಟೆಲುಗಳಿಗೆ ಒಂದು ಕೈಪಿಡಿ ಬರೆಯುತ್ತಾ ಬಂದಿದ್ದಾರೆ. ಊಟದ ಅರ್ಥಶಾಸ್ತ್ರದ ಬಗ್ಗೆ 2012ರಲ್ಲಿ ಪುಸ್ತಕವನ್ನೂ ತಂದರು. ಅವರ ವಾದವೂ ಹತ್ತಿರ ಹತ್ತಿರ ಇದೇ: ಬಾಡಿಗೆ ಹೆಚ್ಚಿರುವ ಕಡೆ ಹೋಟೆಲಿನವನು ಎಲ್ಲರಿಗೂ ಒಗ್ಗುವ ಸಪ್ಪೆ ಊಟ ಮಾಡಲೇಬೇಕಾಗತ್ತೆ, ಊರಾಚೆಯ ಸಾಲು ಅಂಗಡಿಗಳಲ್ಲಿ ಬಾಡಿಗೆ ಕಡಿಮೆ, ಹಾಗಾಗಿ ತನಗೆ ಗೊತ್ತಿರುವ ಅಡುಗೆಯನ್ನು ಧೈರ್ಯವಾಗಿ ಮಾಡಬಹುದು.

ಇದಕ್ಕೆ ಕಣ್ಣಮುಂದಿನ ಉದಾಹರಣೆ ಡಿ.ಸಿ. ಹೊರವಲಯದ ವಿಯೆಟ್ನಾಮಿಗಳದ್ದು. 1975ರಲ್ಲಿ ಸೈಗಾನ್ ಪತನವಾದ ಮೇಲೆ ಬಂದ ನಿರಾಶ್ರಿತರು ಆರ್ಲಿಂಗ್ಟನ್ನಿನ ಕ್ಲಾರೆಂಡನ್ನಿನಲ್ಲಿ ಅಂಗಡಿ, ಹೋಟೆಲು ತೆರೆದರು. ಮೆಟ್ರೋ ಕಾಮಗಾರಿಯಿಂದ ಅಲ್ಲಿ ವ್ಯಾಪಾರ ಕೆಟ್ಟು ಬಾಡಿಗೆ ಇಳಿದಿತ್ತು. 1979ರಲ್ಲಿ ಮೆಟ್ರೋ ಬಂತು, ಬಾಡಿಗೆ ಏರಿತು. ಆಗ ಅವರಲ್ಲಿ ಅನೇಕರು ಫಾಲ್ಸ್ ಚರ್ಚ್ ಊರಿನ ಈಡನ್ ಸೆಂಟರಿಗೆ ಹೋದರು. 1984ರಲ್ಲಿ ಶುರುವಾದ ಆ ಜಾಗದಲ್ಲಿ ಇವತ್ತು ನೂರಕ್ಕೂ ಹೆಚ್ಚು ಅಂಗಡಿಗಳಿವೆ. ರೈಲು ಬಂದ ಕಡೆಯಿಂದ ಊಟ ಆಚೆಗೆ ಹೋಯಿತು. ನಾವೂ ಮೆಟ್ರೋ ಇಳಿದ ಮೇಲೆ ಒಂದು ಬಸ್ ಹಿಡಿಯೋಕೆ ತಯಾರಿರಬೇಕು.

ಹೋಟೆಲಿಗಿಂತ ಮುಂಚೆ ದಿನಸಿ ಅಂಗಡಿ ಹುಡುಕಿ

ಹೊಸ ಊರಲ್ಲಿ ಫೋನು ತೆಗೆದು "ಹತ್ತಿರದ ಒಳ್ಳೆ ರೆಸ್ಟೋರೆಂಟ್" ಅಂತ ಹುಡುಕಿದರೆ ಜಾಹೀರಾತು ಕೊಟ್ಟವರೇ ಮೇಲೆ ಬರ್ತಾರೆ. ಬದಲಿಗೆ ಒಂದು ಸಮುದಾಯದ ದಿನಸಿ ಅಂಗಡಿ ಹುಡುಕಿ. ಪಟೇಲ್ ಬ್ರದರ್ಸ್ ಇರುವ ಕಡೆ ದೋಸೆ ಇರುವ ಹಾಗೆ, ಕೊರಿಯನ್ ಸೂಪರ್‌ಮಾರ್ಕೆಟ್ ಸುತ್ತ ಕೊರಿಯನ್ ಊಟ, ಇಥಿಯೋಪಿಯನ್ ಅಂಗಡಿ ಪಕ್ಕದಲ್ಲಿ ಇಂಜೆರಾ ಸಿಗತ್ತೆ. ಒಂದೇ ಅಡುಗೆಯ ಹೋಟೆಲು ಒಂದಿದ್ದರೆ ಅದೃಷ್ಟ ಪರೀಕ್ಷೆ, ಐದು ಒಟ್ಟಿಗಿದ್ದರೆ ಪೈಪೋಟಿ. ಪೈಪೋಟಿ ಇದ್ದಲ್ಲಿ ಗಿರಾಕಿಗೆ ಲಾಭ.

ಅಟ್ಲಾಂಟಾದ ಬ್ಯುಫರ್ಡ್ ಹೈವೇ ಇದಕ್ಕೆ ಹೇಳಿ ಮಾಡಿಸಿದ ಪಾಠಶಾಲೆ. ನಗರದ ಈಶಾನ್ಯಕ್ಕೆ ಬ್ರೂಕ್‌ಹೇವನ್, ಚಾಂಬ್ಲೀ, ಡೋರಾವಿಲ್ ಊರುಗಳ ಮೂಲಕ ಹಾದುಹೋಗುವ ಅಗಲ ರಸ್ತೆ. ಅಗ್ಗದ ಅಪಾರ್ಟ್‌ಮೆಂಟುಗಳಿದ್ದದ್ದರಿಂದ ಹೊಸಬರು ಅಲ್ಲಿಗೆ ಬಂದರು. 1996ರ ಒಲಿಂಪಿಕ್ಸ್ ಕಟ್ಟಡ ಕೆಲಸಕ್ಕೆ ಬಂದ ಮೆಕ್ಸಿಕನ್ ಕಾರ್ಮಿಕರೂ ಅಲ್ಲಿ ನೆಲೆಸಿದರು. ಈಗ ಮೆಕ್ಸಿಕನ್, ವಿಯೆಟ್ನಾಮಿ, ಚೀನೀ, ಕೊರಿಯನ್ ಬೋರ್ಡುಗಳು ಅಕ್ಕಪಕ್ಕದಲ್ಲೇ ಇವೆ. ಕಾರಿಲ್ಲದವರು ಮಾರ್ಟಾ ರೈಲಿನ ಗೋಲ್ಡ್ ಲೈನ್ ಹಿಡಿದು ಚಾಂಬ್ಲೀ ಅಥವಾ ಡೋರಾವಿಲ್‌ನಲ್ಲಿ ಇಳಿಯಬಹುದು. ಆದರೆ ರಸ್ತೆ ದಾಟುವಾಗ ಹುಷಾರು, ಅದು ನಡೆಯುವವರಿಗೆ ಅಂತ ಕಟ್ಟಿದ ರಸ್ತೆಯಲ್ಲ. ಷಾರ್ಲಟ್‌ನಲ್ಲಿ ಇಂಥದೇ ಅನುಭವಕ್ಕೆ ಸೆಂಟ್ರಲ್ ಅವೆನ್ಯೂ ಇದೆ.

ಇನ್ನು ಯಾರನ್ನಾದರೂ ಕೇಳೋದಾದರೆ "ಇಲ್ಲಿ ಯಾವ ಹೋಟೆಲ್ ಚೆನ್ನಾಗಿದೆ?" ಅಂತ ಕೇಳಬೇಡಿ. ನೀವು ಪ್ರವಾಸಿಗರು ಅಂತ ತಿಳಿದು ದುಬಾರಿ ಜಾಗ ತೋರಿಸ್ತಾರೆ. "ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಿ?" ಅಂತ ಟ್ಯಾಕ್ಸಿ ಚಾಲಕರನ್ನೋ, ಮ್ಯೂಸಿಯಂ ಕಾವಲುಗಾರರನ್ನೋ ಕೇಳಿ. ಉತ್ತರವೇ ಬೇರೆ ಬರತ್ತೆ.

ನಾಲಿಗೆಗೆ ಗೊತ್ತಿರುವ ರುಚಿಯ ಜಾಡು ಹಿಡಿಯಿರಿ

ಅನ್ಯರ ಊಟ ಅಂದರೆ ಹಿಂಜರಿಯುವವರಿಗೆ ಡಿ.ಸಿ.ಯ ಇಥಿಯೋಪಿಯನ್ ಊಟ ಒಳ್ಳೆ ಆರಂಭ. ಯೂ ಸ್ಟ್ರೀಟ್ ಸುತ್ತಮುತ್ತ, ಸಿಲ್ವರ್ ಸ್ಪ್ರಿಂಗ್‌ನಲ್ಲಿ, ಅಲೆಕ್ಸಾಂಡ್ರಿಯಾದಲ್ಲಿ ಸಿಗತ್ತೆ. ಇಂಜೆರಾ ಅಂದರೆ ಟೆಫ್ ಅನ್ನುವ ಸಣ್ಣ ಧಾನ್ಯದ ಹಿಟ್ಟನ್ನು ಹುದುಗಿಸಿ ಹುಯ್ದ, ದೊಡ್ಡ ಮೆತ್ತನೆ ಹುಳಿ ದೋಸೆ. ಅದರ ಮೇಲೆ ಮಸೂರ ಬೇಳೆಯ ಮಿಸಿರ್, ಸೊಪ್ಪಿನ ಗೋಮೆನ್, ಕಡಲೆ ಹಿಟ್ಟಿನ ಶಿರೋ. ಉತ್ತರ ಕರ್ನಾಟಕದವರು ಶಿರೋ ನೋಡಿದರೆ ಝುಣಕದ ನೆಂಟ ಅಂತಾರೆ. ಎಲ್ಲರೂ ಒಂದೇ ತಟ್ಟೆಯಲ್ಲಿ ಕೈಯಿಂದ ತಿನ್ನುವ ಪದ್ಧತಿ, ಹಾಗಾಗಿ ನಾಲ್ಕು ಜನರ ಖರ್ಚೂ ಹಂಚಿಹೋಗತ್ತೆ. ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಅದೇ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆ ಬಂದ ಕಾಳು ಅದು. ಮುದ್ದೆ ತಿಂದು ಬೆಳೆದವರು ಅಲ್ಲಿ ಪರಕೀಯರಾಗಿ ಕೂರಬೇಕಿಲ್ಲ.

ಮೇರಿಲ್ಯಾಂಡಿನ ಲ್ಯಾಂಗ್ಲಿ ಪಾರ್ಕಿನಲ್ಲಿ ಸಾಲ್ವಡೋರಿಗಳ ಪುಪೂಸಾ ಸಿಗತ್ತೆ. ಜೋಳದ ಅಥವಾ ಅಕ್ಕಿ ಹಿಟ್ಟಿನೊಳಗೆ ಚೀಸ್, ಬೀನ್ಸ್ ಹೂರಣ ತುಂಬಿ ಕಾವಲಿ ಮೇಲೆ ಬೇಯಿಸಿದ ದಪ್ಪ ರೊಟ್ಟಿ. ಎರಡು ತಿಂದರೆ ಹೊಟ್ಟೆ ತುಂಬತ್ತೆ.

ಅಟ್ಲಾಂಟಾದಿಂದ ಡಿ.ಸಿ.ಗೆ ಕಾರಲ್ಲಿ ಹೋಗುವವರು ಐ-85 ಹಿಡಿದು ಎರಡೂ ಕೆರೊಲಿನಾ ದಾಟಿ, ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಐ-95 ಸೇರ್ತಾರೆ. ಈ ದಾರಿಯಲ್ಲಿ ಎಕ್ಸಿಟ್ ಪಕ್ಕದ ಬರ್ಗರಿಗೇ ನಿಲ್ಲಬೇಡಿ. ರಸ್ತೆ ಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಬೋರ್ಡು ಕಾಣತ್ತೆ. ಬಸವನಗುಡಿ ಪರಿಷೆ ನೆನಪಾಗುವಷ್ಟು ನಮ್ಮದೇ ರುಚಿ. ದಕ್ಷಿಣ ಕೆರೊಲಿನಾ 2006ರಲ್ಲಿ ಇದನ್ನು ರಾಜ್ಯದ ಅಧಿಕೃತ ತಿಂಡಿ ಅಂತಲೇ ಘೋಷಿಸಿತು. ಬೆಳಿಗ್ಗೆ ಸಿಗುವ ಗ್ರಿಟ್ಸ್ ಅಂದರೆ ಮುಸುಕಿನ ಜೋಳದ ನುಚ್ಚಿನ ಗಂಜಿ. ಅಲಸಂದೆ ಮತ್ತು ಅನ್ನ ಸೇರಿದ್ದು ಹಾಪಿನ್ ಜಾನ್. ಬೆಂಡೆಕಾಯಿ, ಅಲಸಂದೆ ಎರಡೂ ಆಫ್ರಿಕಾದ ಬೆಳೆಗಳು; ಗುಲಾಮರಾಗಿ ತಂದ ಜನರ ಜೊತೆ ಇಲ್ಲಿಗೆ ಬಂದವು. ಈ ಅಡುಗೆಯ ಒಳ್ಳೆ ಹೋಟೆಲುಗಳನ್ನು ಕಪ್ಪು ಜನರ ಬಡಾವಣೆಗಳಲ್ಲಿ ಹುಡುಕಿ. ಅಟ್ಲಾಂಟಾದ ಬಿಜಿ ಬೀ ಕೆಫೆ 1947ರಿಂದ ಇದೆ, ಹತ್ತಿರದಲ್ಲೇ ಮೋರ್‌ಹೌಸ್, ಸ್ಪೆಲ್ಮನ್ ಕಾಲೇಜುಗಳು. ಡಿ.ಸಿ.ಯ ಬೆನ್ಸ್ ಚಿಲಿ ಬೋಲ್ 1958ರಲ್ಲಿ ಶುರು ಮಾಡಿದವರು ಟ್ರಿನಿಡಾಡ್ ಕಡೆಯಿಂದ ಓದಲು ಬಂದ ಬೆನ್ ಅಲಿ ಮತ್ತು ಅವರ ಪತ್ನಿ ವರ್ಜೀನಿಯಾ ಅಲಿ. ಅಲ್ಲಿ ಮಾಂಸವಿಲ್ಲದ ಚಿಲಿಯೂ ಸಿಗತ್ತೆ.

ಸಸ್ಯಾಹಾರಿಗಳು ಕಲಿಯಬೇಕಾದ ನಾಲ್ಕು ಮಾತು

"ವೆಜಿಟೇರಿಯನ್" ಅಂದರೆ ಸಾಲದು, ಯಾವ ಅಡುಗೆಮನೆಯಲ್ಲಿ ಏನು ಕೇಳಬೇಕು ಅಂತ ತಿಳಿದಿರಬೇಕು.

ಇಥಿಯೋಪಿಯನ್ ಹೋಟೆಲಿನಲ್ಲಿ "ತ್ಸೋಮ್" ಅನ್ನಿ. ಉಪವಾಸದ ಊಟ ಅಂತ ಅರ್ಥ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಬೆಣ್ಣೆ ಮುಟ್ಟೋದಿಲ್ಲ.

ವಿಯೆಟ್ನಾಮಿ ಹೋಟೆಲಿನಲ್ಲಿ "ಚಾಯ್" ಅನ್ನಿ. ನಮ್ಮ ಚಹಾ ಅಲ್ಲ, ಸಸ್ಯಾಹಾರ ಅಂತ. ಇದನ್ನು ಹೇಳದಿದ್ದರೆ ತರಕಾರಿ ಪದಾರ್ಥದಲ್ಲೂ ಮೀನಿನ ಸಾಸ್ ಇರಬಹುದು.

ಮೆಕ್ಸಿಕನ್, ಸಾಲ್ವಡೋರಿ ಕಡೆ ಬೀನ್ಸಿಗೆ "ಮಂಟೇಕಾ" ಹಾಕಿದ್ದಾರಾ ಕೇಳಿ. ಅದು ಹಂದಿ ಕೊಬ್ಬು. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿದ್ದಾರಾ ಅಂತಲೂ ಕೇಳಿ.

ದಕ್ಷಿಣದ ಹೋಟೆಲುಗಳಲ್ಲಿ "ಮೀಟ್ ಅಂಡ್ ತ್ರೀ" ಅಂತ ಒಂದು ಪದ್ಧತಿ ಇದೆ: ಒಂದು ಮಾಂಸ, ಮೂರು ಪಲ್ಯ. ಮಾಂಸ ಬಿಟ್ಟು "ವೆಜಿಟೇಬಲ್ ಪ್ಲೇಟ್" ಕೇಳಿದರೆ ನಾಲ್ಕು ಪಲ್ಯ ಕೊಡ್ತಾರೆ, ಬೆಲೆಯೂ ಕಡಿಮೆ. ಆದರೆ ಕಾಲರ್ಡ್ ಸೊಪ್ಪು, ಹುರುಳಿಕಾಯಿಗೆ ಹಂದಿ ಮೂಳೆ ಹಾಕಿ ಬೇಯಿಸುವುದು ಅಲ್ಲಿ ವಾಡಿಕೆ. ಕೇಳದೆ ತಿನ್ನಬೇಡಿ.

ಬಿಲ್ಲಿನ ಲೆಕ್ಕ

ಮೆನುವಿನ ಬೆಲೆ ನೋಡಿ ಬಜೆಟ್ ಹಾಕಬೇಡಿ. ಡಿ.ಸಿ.ಯಲ್ಲಿ ಹೋಟೆಲ್ ಊಟದ ಮೇಲೆ ತೆರಿಗೆ 10%. 15 ಡಾಲರಿನ ಊಟಕ್ಕೆ ತೆರಿಗೆ 1.50, 20% ಟಿಪ್ ಅಂದರೆ 3, ಒಟ್ಟು 19.50. ಹಣ ಉಳಿಸಬೇಕಾ? ಮಧ್ಯಾಹ್ನದ ಲಂಚ್ ಸ್ಪೆಷಲ್ ಹೊಟ್ಟೆ ತುಂಬಾ ತಿಂದು ರಾತ್ರಿ ಹಗುರವಾಗಿ ಮುಗಿಸಿ, ಕೌಂಟರ್‌ನಲ್ಲಿ ನೀವೇ ತಗೊಳ್ಳುವ ಜಾಗ ಆರಿಸಿ, ಕೂಲ್‌ಡ್ರಿಂಕ್ ಬದಲು ನೀರು ಕುಡಿಯಿರಿ. ಟೇಬಲ್ಲಿಗೆ ತಂದು ಬಡಿಸಿದವರ ಟಿಪ್‌ನಲ್ಲಿ ಮಾತ್ರ ಉಳಿಸಬೇಡಿ. ಜಾರ್ಜಿಯಾ, ಎರಡೂ ಕೆರೊಲಿನಾ, ವರ್ಜೀನಿಯಾಗಳಲ್ಲಿ ಅವರಿಗೆ ಮಾಲೀಕರು ಕೊಡಲೇಬೇಕಾದ ನಗದು ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಈ ಮೊತ್ತ ಏರಿಲ್ಲ. ಟಿಪ್ ಸೇರಿಸಿಯೂ ಕನಿಷ್ಠ ಕೂಲಿ ಆಗದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಬೇಕು ಅಂತ ಕಾನೂನಿದೆ, ಆದರೂ ಅವರ ಮನೆ ನಡೆಯೋದು ಟಿಪ್‌ನಿಂದಲೇ. ಡಿ.ಸಿ.ಯಲ್ಲಿ 2022ರ ಮತದಾನದ ನಂತರ ಈ ನಿಯಮ ಬದಲಾಗತೊಡಗಿ, ಹಲವು ಹೋಟೆಲುಗಳು ಬಿಲ್ಲಿಗೇ ಸರ್ವಿಸ್ ಚಾರ್ಜ್ ಸೇರಿಸ್ತಾರೆ. ಬಿಲ್ ಓದಿ, ಎರಡು ಸಲ ಕೊಡಬೇಡಿ.

ನಮ್ಮೂರ ಊಟ ಬೇಕೇ ಬೇಕು ಅಂದರೆ

ಮೂರನೇ ದಿನಕ್ಕೆ ಸಾರು ಅನ್ನ ನೆನಪಾಗೋದು ಸಹಜ. ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್‌ನಲ್ಲಿರುವ ಶ್ರೀ ಶಿವ ವಿಷ್ಣು ದೇವಸ್ಥಾನದ ಕ್ಯಾಂಟೀನು ವಾರಾಂತ್ಯದ ದೋಸೆಗೆ ಹೆಸರುವಾಸಿ. ಉತ್ತರ ಕೆರೊಲಿನಾದ ಕೇರಿ, ಮಾರಿಸ್‌ವಿಲ್ ಊರುಗಳಲ್ಲಿ, ಅಟ್ಲಾಂಟಾ ಪಕ್ಕದ ಡೆಕೇಟರ್‌ನಲ್ಲಿ ನಮ್ಮ ಕಡೆ ತಿಂಡಿ ಹುಡುಕೋದು ಕಷ್ಟವಲ್ಲ. ಡೆಕೇಟರ್‌ನ ಚಾಯ್ ಪಾನಿಯ ಮೂಲ ಶಾಖೆ 2009ರಲ್ಲಿ ಆಶ್‌ವಿಲ್‌ನಲ್ಲಿ ಶುರುವಾಯಿತು. ಚಾಟ್, ವಡಾಪಾವ್ ಬಡಿಸುವ ಆ ಹೋಟೆಲಿಗೆ 2022ರಲ್ಲಿ ದೇಶದ ಅತ್ಯುತ್ತಮ ರೆಸ್ಟೋರೆಂಟ್ ಅಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಬೀದಿ ತಿಂಡಿಗೂ ಆ ಗೌರವ ಸಿಗತ್ತೆ. ಇನ್ನು ಡಿ.ಸಿ.ಯ ಕಾವೇರಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ, ರಾಲಿ ಕಡೆಯ ಸಂಪಿಗೆ ಇವುಗಳ ಹಬ್ಬದ ದಿನಕ್ಕೆ ನಿಮ್ಮ ಪ್ರವಾಸ ಹೊಂದಿದರೆ ಊಟದ ಚಿಂತೆಯೇ ಇಲ್ಲ.

ಆದರೆ ಮೂರು ದಿನವೂ ನಮ್ಮದನ್ನೇ ತಿಂದು ವಾಪಸ್ ಬಂದರೆ ಊರು ನೋಡಿದ ಹಾಗಾಗಲ್ಲ. ನಮ್ಮ ಉಡುಪಿಯವರು ಊರೂರಿಗೆ ಹೋಗಿ ಒಲೆ ಹೂಡಿದ ಹಾಗೆಯೇ ಇವರೂ ಬಂದಿದ್ದಾರೆ. ಸೈಗಾನಿನಿಂದ, ಅಡಿಸ್ ಅಬಾಬಾದಿಂದ ಬಂದವರ ಅಡುಗೆಮನೆ ಉಳಿಯೋದು ನಾಲ್ಕು ಜನ ಬಂದು ಊಟ ಮಾಡಿದಾಗ.

ಮುಂದಿನ ಪ್ರವಾಸಕ್ಕೆ ಮುಂಚೆ ಇಷ್ಟು ಮಾಡಿ: ಊರಿನ ಯಾವ ರಸ್ತೆಯಲ್ಲಿ ಯಾರು ನೆಲೆಸಿದ್ದಾರೆ ನೋಡಿ, ಅವರ ದಿನಸಿ ಅಂಗಡಿ ಗುರುತಿಸಿ, ಅಲ್ಲಿಗೆ ಬಸ್ಸು ರೈಲು ಇದೆಯಾ ತಿಳಿದುಕೊಳ್ಳಿ, ಸಸ್ಯಾಹಾರಕ್ಕೆ ಅವರ ಭಾಷೆಯಲ್ಲಿ ಏನಂತಾರೆ ಬರೆದಿಟ್ಟುಕೊಳ್ಳಿ. ಅರ್ಧ ಗಂಟೆಯ ಕೆಲಸ. ಹಾಗೆ ಸಿಕ್ಕ ಒಂದು ಒಳ್ಳೆ ಜಾಗದ ಹೆಸರನ್ನು ನಮ್ಮ ಸಂಘಕ್ಕೂ ಕಳಿಸಿ. ಮುಂದಿನ ವರ್ಷ ಬರುವ ಹೊಸ ವಿದ್ಯಾರ್ಥಿಗಳಿಗೆ ಅದು ಉಪಯೋಗಕ್ಕೆ ಬರತ್ತೆ.