ಬಾಣಂತನದ ಜಳಕ, ಬಾಣಂತನವಿಲ್ಲದೆ

ನವಲಗುಂದ ತಾಲೂಕಿನ ಎರಿ ಭೂಮಿಯಲ್ಲಿ ಜಳಕದ ಮಾತು ಎತ್ತಿದರೆ ಮೊದಲು ನೀರಿನ ಮಾತೇ ಬರುತ್ತದೆ. ಬೋರಿನ ನೀರು ಸವಳು. ಎಷ್ಟು ತಿಕ್ಕಿದರೂ ಸಾಬೂನು ನೊರೆ ಬಿಡುವುದಿಲ್ಲ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನ ಜೊತೆ ಕೂಡಿ ಬಿಳಿ ಜಿಗುಟಾಗಿ ಮೈಗೂ ಬಕೀಟಿಗೂ ಅಂಟಿಕೊಳ್ಳುತ್ತವೆ. ಸಿಹಿ ನೀರು ಬೇಕಾದರೆ ಕೆರೆಗೆ ಹೋಗಬೇಕು. ಆ ಕೆರೆ ತುಂಬಬೇಕಾದರೆ ಸವದತ್ತಿ ಬಳಿಯ ನವಿಲುತೀರ್ಥದ ಆಣೆಕಟ್ಟಿನಿಂದ ಮಲಪ್ರಭಾ ಬಲದಂಡೆ ಕಾಲುವೆಗೆ ನೀರು ಬಿಡಬೇಕು. ಹೀಗೆ ಎಲ್ಲಿಂದಲೋ ಬಂದ ನೀರನ್ನು ಕೊಡದ ಲೆಕ್ಕದಲ್ಲಿ ಹೊತ್ತು ತರುವ ಮನೆಯಲ್ಲಿ ಬಚ್ಚಲಕ್ಕೆ ಹೋದವರು ಲಗೂನ ಹೊರಗೆ ಬರಬೇಕು, ಅಷ್ಟೇ.

ನಾನು ಕಲಘಟಗಿ ಕಡೆಯ ಹೆಣ್ಣುಮಗಳು. ಅದು ಮಲೆನಾಡಿನ ಸೆರಗು. ಬಾವಿ ಕೈಗೆಟುಕುವಷ್ಟು ತುಂಬಿರುತ್ತಿತ್ತು, ಕಟಗಿಗೆ ಬರವಿರಲಿಲ್ಲ, ಬಚ್ಚಲ ಒಲೆಯ ಮೇಲೆ ಹಂಡೆ ಯಾವ ಹೊತ್ತಿಗೂ ಬೆಚ್ಚಗಿರುತ್ತಿತ್ತು. ಮದುವೆಯಾಗಿ ಈ ಬಯಲಿಗೆ ಬಂದಾಗ ಹತ್ತಿಕಟಗಿ, ಗೋವಿನಜೋಳದ ಬೆಂಡು ಉರಿಸಿ ನೀರು ಕಾಯಿಸುವುದನ್ನು ಮೊದಲ ಸಲ ನೋಡಿದೆ. ಹತ್ತಿಕಟಗಿ ಭರ್ರನೆ ಉರಿದು ಭರ್ರನೆ ಆರುತ್ತದೆ, ಅದರ ಮುಂದೆ ಒಬ್ಬರು ಕೂತಿರಲೇಬೇಕು. ಕೂತಿರುವವರು ಯಾರು ಎಂದು ಹೇಳಬೇಕಾಗಿಲ್ಲ. ಮನೆಮಂದಿಯದೆಲ್ಲ ಮುಗಿದು, ಹಂಡೆಯ ತಳದಲ್ಲಿ ಉಳಿದ ಉಗುರುಬೆಚ್ಚಗಿನ ನೀರೇ ಆಕೆಯ ಪಾಲು. ಇಲ್ಲವೇ ಯಾರೂ ಏಳುವ ಮೊದಲು, ಕತ್ತಲಲ್ಲಿ, ಗಡಬಡಿಸಿ. ನೀರು ತುಂಬುವ ಹಬ್ಬ, ನರಕ ಚತುರ್ದಶಿ ಎಂದು ಅಭ್ಯಂಜನದ ಬಗ್ಗೆ ಎಷ್ಟೆಲ್ಲ ಚಂದದ ಮಾತು ಬರೆಯುತ್ತಾರೆ! ಆ ದಿನ ಗಂಡಸರನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚುವ, ನೀರೆರೆಯುವ, ಆರತಿ ಎತ್ತುವ ಕೈಗಳಿಗೆ ಎಣ್ಣೆ ಹಚ್ಚಿದವರು ಯಾರು ಎಂದು ಎಲ್ಲೂ ಓದಿದ ನೆನಪಿಲ್ಲ.

ನಮ್ಮ ಹೆಂಗಸರಿಗೆ ಸಾವಕಾಶದ ಜಳಕ ಅಂತ ಒಂದಿದ್ದರೆ ಅದು ಬಾಣಂತನದಲ್ಲಿ. ಪೇಟೆಯವರು ದುಡ್ಡು ಕೊಟ್ಟು ಸ್ಪಾದಲ್ಲಿ ಪಡೆಯುವುದೆಲ್ಲ ಅದರಲ್ಲಿತ್ತು. ತವರಿನಲ್ಲಿ ನನ್ನನ್ನೂ ಕೂಸನ್ನೂ ಎರೆಯಲು ಓಣಿಯ ಒಬ್ಬ ಆಯಿ ಬರುತ್ತಿದ್ದಳು. ಎಣ್ಣೆ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡುವಳು, ಬೆಂಕಿಯ ಮೇಲೆ ಇಡಗೊಡುತ್ತಿರಲಿಲ್ಲ. ನೆತ್ತಿಗೆ ಔಡಲೆಣ್ಣಿ ಹಾಕಿ ಅಂಗೈಯಿಂದ ಪಟಪಟ ತಟ್ಟುವಳು. ನನ್ನ ಅವ್ವ ನಡುವೆ ಬಂದು ಸವರಲು ಹೋದರೆ, “ಎಣ್ಣಿ ತಲಿಗೆ ಬಡೀಬೇಕವ್ವಾ, ಸವರಿದ್ರ ಕೂದಲಿಗೆ ಹತ್ತತೈತಿ, ತಲಿಗೆ ಹೋಗೂದಿಲ್ಲ,” ಎಂದು ಕೈ ಸರಿಸುವಳು. ನಂತರ ಬೆನ್ನು, ಸೊಂಟ, ಮೀನಖಂಡ, ಅಂಗಾಲು. ಸೊಂಟಕ್ಕೆ ಚರಿಗೆಯಿಂದ ನೀರು ಸುರಿಯುವಾಗ ಕೈಯನ್ನು ತಲೆಗಿಂತ ಮೇಲೆತ್ತಿ ಧಾರೆ ಕಟ್ಟುವಳು. ಆ ಧಾರೆ ಬಿದ್ದ ಜಾಗದಲ್ಲಿ ನೋವು ಸಡಿಲಾಗುವುದು ಗೊತ್ತಾಗುತ್ತಿತ್ತು. ಆಮೇಲೆ ಮೈ ಒರೆಸಿ, ಕಿವಿಗೆ ಅರಿವೆ ಕಟ್ಟಿ, ಅಗ್ಗಿಷ್ಟಿಗೆಯ ಕೆಂಡಕ್ಕೆ ಲೋಬಾನ, ಅಜವಾನ ಉದುರಿಸಿ ಕೂದಲಿಗೆ ಹೊಗೆ ಹಿಡಿದು, ಕಂಬಳಿ ಹೊದಿಸಿ ಮಲಗಿಸಿದರೆ ಬೆವರು ಹರಿದು ನಿದ್ದೆ ಬರುತ್ತಿತ್ತು. ಏಳುವವರೆಗೆ ಯಾರೂ ಕರೆಯುವಂತಿಲ್ಲ. ಮನೆಗೆ ಬಂದವರೂ ಪಡಸಾಲೆಯಲ್ಲಿ ಪಿಸುಮಾತಿನಲ್ಲೇ ಮಾತಾಡಬೇಕು.

ಆ ಕಾಲದ್ದೆಲ್ಲ ಸರಿ ಎಂದು ನಾನು ವಾದಿಸುವುದಿಲ್ಲ. ಕೂಸಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಅಪಾಯ. ಹಸುಗೂಸಿಗೆ ಹೊಗೆ ಹಿಡಿಯಲೂ ಬಾರದು, ಅದರ ಶ್ವಾಸಕೋಶ ತಡೆಯುವುದಿಲ್ಲ. ಸಿಜೇರಿಯನ್ ಹೊಲಿಗೆ ಇರುವವಳ ಹೊಟ್ಟೆಗೆ ಸುಡುನೀರು ಹೊಯ್ಯುವುದು ಹುಚ್ಚುತನ. ಆದರೆ ತಾಯಿಯ ಪಾಲಿಗೆ ಸಿಕ್ಕ ಆ ಹೊತ್ತು ಮಾತ್ರ ಸುಳ್ಳಲ್ಲ. ಐದು ತಿಂಗಳು ಕಳೆದು ತೊಟ್ಟಿಲು ಹೊತ್ತು ಗಂಡನ ಮನೆಗೆ ಬಂದ ಮರುದಿನವೇ ಮತ್ತೆ ಕತ್ತಲಲ್ಲಿ ಎರಡು ಚರಿಗೆ ನೀರು.

ಹಳೆಯ ಮಾಳಿಗೆ ಮನೆ ತೆಗೆದು ಹೊಸದು ಕಟ್ಟಿಸುವಾಗ ಈ ಲೆಕ್ಕ ತಲೆಯಲ್ಲಿತ್ತು. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗಳು ಫೋನಿನಲ್ಲಿ ಚಿತ್ರಗಳನ್ನು ಕಳಿಸಿದಳು. ಬಿಳಿಯ ಟಬ್, ಮೇಣದಬತ್ತಿ, ಗಾಜಿನ ಬಾಗಿಲು. ಟಬ್ಬಿಗೆ ಎಷ್ಟು ನೀರು ಹಿಡಿಯುತ್ತದೆ ಎಂದು ನನ್ನ ಗಂಡ ಕೇಳಿದರು. ಕಡಿಮೆ ಎಂದರೂ 150 ಲೀಟರ್. ಒಂದು ಕೊಡಕ್ಕೆ 15 ಲೀಟರ್ ಹಿಡಿದರೆ 10 ಕೊಡ, ಒಬ್ಬರಿಗೆ, ಒಂದು ಸಲಕ್ಕೆ. “ಎತ್ತಿಗೆ ಕುಡಿಸೂ ಡೋಣಿ ಐತಲ್ಲ, ಅದರಾಗ ಕೂಡ್ರು,” ಎಂದರು ನನ್ನ ಅತ್ತಿ. ಅಲ್ಲಿಗೆ ಟಬ್ಬಿನ ಮಾತು ಮುಗಿಯಿತು. ಮಗಳು ಬಿಡದೆ ಜಳಕದ ನೀರಿಗೆ ಹಾಕುವ ಉಪ್ಪಿನ ಡಬ್ಬಿಯನ್ನು ಪಾರ್ಸೆಲ್ ಕಳಿಸಿದಳು. ನವಲಗುಂದ ತಾಲೂಕಿಗೆ ಉಪ್ಪು ಕಳಿಸಿದ ಮೊದಲ ಹೆಣ್ಣುಮಗಳು ಇವಳೇ ಇರಬೇಕು.

ಟಬ್ ಬೇಡವಾದರೂ ಕೂತು ಜಳಕ ಮಾಡುವ ಜಾಗ ಬೇಕಿತ್ತು. ಎಣ್ಣೆ ಜಳಕ ಅಂದರೆ ಕೂತು ಮಾಡುವ ಜಳಕ. ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಲು ಗೌಂಡಿ ಬಹಳ ಒತ್ತಾಯಿಸಿದ. ಎಣ್ಣೆ, ಸೀಗೆಕಾಯಿ, ನೀರು ಮೂರೂ ಕೂಡುವ ಜಾಗದಲ್ಲಿ ನುಣುಪಾದ ನೆಲವಿದ್ದರೆ ಸೊಂಟ ಮುರಿದಂತೆಯೇ. ಪಾಲಿಷ್ ಮಾಡದ ಶಹಾಬಾದ್ ಫರಸಿ ಹಾಕಿಸಿದೆ. ಅದು ಸುಣ್ಣದ ಕಲ್ಲಾದ್ದರಿಂದ ಆ್ಯಸಿಡ್ ಹೊಯ್ದು ತಿಕ್ಕುವಂತಿಲ್ಲ, ಹೊಯ್ದರೆ ಕಲ್ಲು ಕೊರೆಯುತ್ತದೆ. ಜಳಕದ ನಂತರ ಬಿಸಿನೀರು ಹಾಕಿ ಕಸಬರಿಗೆಯಿಂದ ತಿಕ್ಕಿದರೆ ಜಿಡ್ಡು ಹೋಗುತ್ತದೆ. ಗೋಡೆಗೆ ಹಿಡಿದು ಏಳಲು ಒಂದು ಕಬ್ಬಿಣದ ಸರಳು, ಗಟ್ಟಿಮುಟ್ಟಾದ ಕಟ್ಟಿಗೆಯ ಮಣೆ, ಮೇಲೆ ಗಾಳಿಯಾಡುವ ಗವಾಕ್ಷಿ. ನೀರು ಹರಿಯುವ ಬಾಯಿಗೆ ಎತ್ತಿ ತೆಗೆಯಬಹುದಾದ ಜಾಳಿಗೆ ಇರಲೇಬೇಕು. ಸೀಗೆಕಾಯಿ ಗಸಿ, ಉದುರಿದ ಕೂದಲು, ಎಣ್ಣೆ ಸೇರಿದರೆ ಎಂಥ ಪೈಪನ್ನೂ ಕಟ್ಟುತ್ತವೆ. ಆ ನೀರು ಹಿತ್ತಲಿನ ಬಾಳೆಯ ಬುಡಕ್ಕೆ ಹೋಗುತ್ತದೆ.

ನೀರನ್ನು ಎರಡು ಪಾಲು ಮಾಡಿದ್ದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಮೈಗೆ ಬೋರಿನ ಸವಳು ನೀರೇ ಸಾಕು, ಸಾಬೂನು ಮುಟ್ಟದಿದ್ದರೆ. ಕಡ್ಲಿಹಿಟ್ಟು ಹಚ್ಚಿ ತಿಕ್ಕಿದರೆ ಎಣ್ಣೆ ಹೋಗುತ್ತದೆ, ಹಿಟ್ಟಿಗೆ ಸವಳಿನ ಭಯವಿಲ್ಲ. ಸೀಗೆಕಾಯಿಯೂ ಹಾಗೆಯೇ. ಅದರಲ್ಲಿ ನೊರೆ ತರುವುದು ಸಪೋನಿನ್, ಸಾಬೂನಿನ ಹಾಗೆ ಗಡಸು ನೀರಿನಲ್ಲಿ ಜಿಗುಟಾಗಿ ಗಟ್ಟಿಯಾಗುವುದಿಲ್ಲ. ನಮ್ಮ ಹಿರಿಯರು ಸವಳು ನೀರಿನ ಊರಲ್ಲೂ ಮಾರುದ್ದ ಕೂದಲು ಬೆಳೆಸಿದ್ದರ ಹಿಂದೆ ಇದೂ ಇರಬೇಕು. ತಲೆಗೆ ಕೊನೆಯಲ್ಲಿ ಸುರಿದುಕೊಳ್ಳಲು ಮಾತ್ರ ಒಂದು ಬಕೀಟು ಸಿಹಿ ನೀರು ಎತ್ತಿಡುತ್ತೇನೆ. ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ಟಾಕಿಗೆ ಇಳಿಸಿಕೊಂಡ ವರ್ಷ ಆ ಬಕೀಟಿನ ಚಿಂತೆಯೂ ಇರುವುದಿಲ್ಲ.

ಎಣ್ಣೆಯ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮ ಭಾಗದಲ್ಲಿ ಕುಸುಬಿ ಬೆಳೆಯುತ್ತಿದ್ದರು, ಗಾಣದ ಕುಸುಬಿ ಎಣ್ಣೆ ಅಡುಗೆಗೂ ಮೈಗೂ ಆಗುತ್ತಿತ್ತು. ಅದು ತೆಳು, ಮೈಗೆ ಬೇಗ ಹರಡುತ್ತದೆ. ಔಡಲೆಣ್ಣಿ ದಪ್ಪ, ಬರೀ ಅದನ್ನೇ ಹಚ್ಚಿದರೆ ತೊಳೆಯುವಷ್ಟರಲ್ಲಿ ಒಂದು ಹಂಡೆ ನೀರು ಖಾಲಿ. ಕೊಬ್ಬರಿ ಎಣ್ಣೆಗೆ ಸ್ವಲ್ಪವೇ ಬೆರೆಸಿ ನೆತ್ತಿಗೆ ಇಡುತ್ತೇನೆ. ಸುಗಂಧದ ಎಣ್ಣೆಗಳನ್ನು ತರುವವರು ತರಲಿ. ಬಿಸಿನೀರಿಗೆ ನಾಲ್ಕು ಬೇವಿನೆಲೆ, ಲಿಂಬೆ ಸಿಪ್ಪೆ ಬಿದ್ದರೂ ಬಚ್ಚಲು ಘಮ್ಮೆನ್ನುತ್ತದೆ.

ಅಂಗಾಲನ್ನು ಮಾತ್ರ ಮರೆಯಬಾರದು. ಅಷ್ಟಾಂಗಹೃದಯದಲ್ಲಿ ವಾಗ್ಭಟ ಅಭ್ಯಂಗವನ್ನು ದಿನವೂ ಮಾಡಬೇಕು, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಂದು ಹೇಳುತ್ತಾನೆ. ಬಿಸಿನೀರು ಕತ್ತಿನ ಕೆಳಗೆ ಬಲ ಕೊಡುತ್ತದೆ, ತಲೆಗೆ ಹಾಕಿದರೆ ಕೂದಲಿಗೂ ಕಣ್ಣಿಗೂ ಕೇಡು ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಅತ್ತಿ ಓದಿದವರಲ್ಲ. ಆದರೂ ತಲೆಗೆಂದು ಬೇರೆ ಬಕೀಟಿನಲ್ಲಿ ತಣ್ಣೀರು ಬೆರೆಸಿಡುವುದನ್ನು ಎಂದೂ ತಪ್ಪಿಸಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ 12ನೆಯ ಶತಮಾನದ್ದು. ಅದರಲ್ಲಿ ಅರಸನ ಭೋಗಗಳ ಪಟ್ಟಿಯೊಳಗೆ ಸ್ನಾನ ಬೇರೆ, ಪಾದಾಭ್ಯಂಗ ಬೇರೆ, ಧೂಪ ಬೇರೆ. ಆ ಮನೆತನದ ಕೊನೆಗಾಲದಲ್ಲಿ ರಾಜಧಾನಿಯಾಗಿದ್ದು ನಮ್ಮ ಮಗ್ಗುಲಿನ ಅಣ್ಣಿಗೇರಿ. ಅರಸರಿಗೆ ಕಾಲು ಒತ್ತಿಸಿಕೊಳ್ಳುವುದು ಭೋಗವಾಗಿತ್ತು. ಎರಿ ಹೊಲದಲ್ಲಿ ಕಳೆ ತೆಗೆದು ಹಿಮ್ಮಡ ಒಡೆದವರಿಗೆ ಅದು ಔಷಧಿ. ಬೋಗಾಣಿಯಲ್ಲಿ ಬಿಸಿನೀರು ಹಾಕಿ ಕಾಲು ಇಳಿಬಿಟ್ಟು, ಸತ್ತ ಚರ್ಮವನ್ನು ಕಲ್ಲಿನಿಂದ ತಿಕ್ಕಿ, ಒರೆಸಿ, ಎಣ್ಣೆ ಸವರಿ ಕೂತರೆ ರಾತ್ರಿ ಮಂಡಿಯವರೆಗೆ ಹಗುರಾಗಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರು ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು. ಅವರ ಅಂಗಾಲಿಗೆ ಸುಟ್ಟದ್ದೂ ತಿಳಿಯುವುದಿಲ್ಲ.

ಬೆಂಕಿಯ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಗ್ಯಾಸ್ ಗೀಸರನ್ನು ಬಚ್ಚಲದೊಳಗೆ ಕೂರಿಸಿ, ಚಳಿ ಎಂದು ಬಾಗಿಲು ಕಿಟಕಿ ಜಡಿದುಕೊಂಡು, ಒಳಗೇ ಪ್ರಾಣ ಬಿಟ್ಟವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಲೋಬಾನದ ಕೆಂಡವೂ ಅದೇ ಜಾತಿಯದು, ಮುಚ್ಚಿದ ಕೋಣೆಗೆ ತರಬಾರದು. ನಮ್ಮಲ್ಲಿ ತಾಮ್ರದ ಬಂಬ ಹಿತ್ತಲಿನಲ್ಲಿದೆ, ನೀರಷ್ಟೇ ಒಳಗೆ ಬರುತ್ತದೆ. ಲೋಬಾನ ಬೇಕೆನಿಸಿದರೆ ಪಡಸಾಲೆಯಲ್ಲಿ, ಎರಡೂ ಬಾಗಿಲು ತೆರೆದು, ಕೂದಲು ಹರವಿಕೊಂಡು ಕೂರುತ್ತೇನೆ.

ಇಷ್ಟೆಲ್ಲ ಕೂಡಿಸಿಕೊಂಡರೂ ಜಳಕ ಸಾವಕಾಶವಾಗಲಿಲ್ಲ. ಎಣ್ಣೆ ಹಚ್ಚಿ ಕೂತ ಕೂಡಲೇ ಬಾಗಿಲು ಬಡಿತ. ಹಾಲಿನವನ ಚಿಲ್ಲರೆ ಎಲ್ಲಿದೆ, ರೊಟ್ಟಿ ಬುಟ್ಟಿ ಎಲ್ಲಿಟ್ಟಿದ್ದಿ, ಇನ್ನ ಎಷ್ಟೊತ್ತು. ಒಳಗಿದ್ದವಳ ಕಿವಿ ಹೊರಗೇ ಇರುತ್ತದೆ, ಭುಜ ಇಳಿಯುವುದೇ ಇಲ್ಲ. ಬಾಣಂತನದಲ್ಲಿ ಆ ಆಯಿ ನನಗೆ ಕೊಟ್ಟದ್ದು ಎಣ್ಣೆಗಿಂತ ಹೆಚ್ಚಾಗಿ ಅವಳ ಕಾವಲು ಎಂದು ಆಗ ತಿಳಿಯಿತು. ಅವಳು ಇದ್ದಷ್ಟು ಹೊತ್ತು ಅಪ್ಪನೂ ಆ ಕಡೆ ಸುಳಿಯುತ್ತಿರಲಿಲ್ಲ. ನೀರು ಕಾಯಿಸುವವಳೂ ನಾನೇ, ಎಣ್ಣೆ ಹಚ್ಚಿಕೊಳ್ಳುವವಳೂ ನಾನೇ, ಕೊನೆಗೆ ಬಚ್ಚಲು ತೊಳೆಯುವವಳೂ ನಾನೇ ಆದರೆ ಅದು ಇನ್ನೊಂದು ಮನೆಗೆಲಸ.

ನಾನು ಶಾಲೆಯಲ್ಲಿ ಕಲಿಸುವವಳು. ಶನಿವಾರ ಮುಂಜಾನೆಯ ಶಾಲೆ, ಮಧ್ಯಾಹ್ನ ಬಿಡುವು. ಆ ಹೊತ್ತೇ ಇರಲಿ ಎಂದೆ. ಹೆಂಗಸರು ಮಂಗಳವಾರ, ಶುಕ್ರವಾರ ಎಣ್ಣೆ ಹಚ್ಚಿಕೊಳ್ಳಬೇಕು, ಶನಿವಾರ ಗಂಡಸರದು ಎಂದು ಅತ್ತಿ ಅಡ್ಡ ಬಂದರು. “ಶುಕ್ರವಾರ ಸಾಲಿಗೆ ನೀವು ಹೋಗ್ತೀರೇನ್ರಿ?” ಎಂದು ನಕ್ಕೆ. ಅವರೂ ನಕ್ಕರು, ಒಪ್ಪಲಿಲ್ಲ. ಒಂದು ಶನಿವಾರ ಅವರನ್ನೇ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿ, ಸೊಂಟಕ್ಕೆ ಧಾರೆ ಕಟ್ಟಿ ಎರೆದೆ. ಎದ್ದಾಗ, ತಮ್ಮ ಬೆನ್ನಿಗೆ ಹೀಗೆ ಕೈ ತಾಗಿದ್ದು ಕೊನೆಯ ಮಗನ ಬಾಣಂತನದಲ್ಲಿ ಎಂದರು. ಆ ಕೊನೆಯ ಮಗನಿಗೆ ಈಗ ತಲೆ ನರೆತಿದೆ. ವಾರದ ತಕರಾರು ಅಂದಿನಿಂದ ಬರಲಿಲ್ಲ.

ಈಗ ನಿಯಮ ಅತ್ತಿಯದೇ. ಬಂಬಕ್ಕೆ ಉರಿ ಹಚ್ಚುವುದು ಮಗನ ಕೆಲಸ. ಮೊದಲು ಅವರದು, ಆಮೇಲೆ ನನ್ನದು, ನನ್ನ ಸರದಿಯಲ್ಲಿ ಬಾಗಿಲ ಹತ್ತಿರ ಅವರು ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಯಾರು ಬಂದು ಏನು ಕೇಳಿದರೂ ಒಂದೇ ಉತ್ತರ: “ಆಕಿ ಎರಕೊಳ್ಳಾಕತ್ತಾಳ.” ಎದುರುಮನೆಯ ಸೊಸೆ ಎರಡು ವಾರ ಇಣುಕಿ ನೋಡಿ ತನಗೂ ಒಂದು ಸಲ ಎರೆಯಿರಿ ಎಂದು ಕೇಳಿದಳು. ಅತ್ತಿ ಒಪ್ಪಿದ್ದಾರೆ. ಕಟಗಿ ಮಾತ್ರ ಅವಳ ಗಂಡ ತಂದು ಹಾಕಬೇಕಂತೆ.