ಹಾಡು ಕೇಳುವ ಮುನ್ನ ಪ್ಲೇಟು ಓದಿ

1. ಹಳೆಯ ರಾಕ್ ಅಂಡ್ ರೋಲ್ ಪ್ಲೇಟು ಕೂಡಿಸುವಾಗ ದುಡ್ಡಿದ್ದವರ ಪೈಪೋಟಿಗೆ ಇಳಿಯಬೇಡಿ. ಎಲ್ವಿಸ್ ಪ್ರೆಸ್ಲಿ 1954ರಲ್ಲಿ ಮೆಂಫಿಸ್‌ನ ಸನ್ ಕಂಪನಿಗೆ ಹಾಡಿದ ಮೊದಲ ಸಿಂಗಲ್ ಯಾರಿಗೆ ಬೇಡ? ನನಗೆ ಮಾತ್ರ ರುಚಿ ಹತ್ತಿದ್ದು ಅದೇ ಕಾಲದ ಹೆಸರಿಲ್ಲದವರಲ್ಲಿ. ಟೆಕ್ಸಾಸ್‌ನ ಸ್ಟಾರ್‌ಡೇ, ಸಿನ್ಸಿನಾಟಿಯ ರೈಟ್‌ನಂಥ ಕಂಪನಿಗಳು ಕಾಸು ಕೊಟ್ಟವರಿಗೆ ಪ್ಲೇಟು ಅಚ್ಚು ಹಾಕಿಕೊಡುತ್ತಿದ್ದವು. ಅಂಥ ಎಷ್ಟೋ ಹಾಡು ಊರ ಗಡಿ ದಾಟಲೇ ಇಲ್ಲ. ಹ್ಯಾಂಕ್ ಮಿಜೆಲ್‌ನ ‘ಜಂಗಲ್ ರಾಕ್’ 1958ರಲ್ಲಿ ಎಕೋ ಎಂಬ ಪುಟ್ಟ ಲೇಬಲ್‌ನಲ್ಲಿ ಬಂದು ಹೇಳಹೆಸರಿಲ್ಲದೆ ಹೋಯಿತು. 1976ರಲ್ಲಿ ಬ್ರಿಟನ್ನಿನಲ್ಲಿ ಮತ್ತೆ ಹೊರಬಂದಾಗ ಅಲ್ಲಿನ ಜನಪ್ರಿಯತೆಯ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು!

2. ಹಾಡು ಮುಗಿದ ಮೇಲೆ ನಡುವಿನ ಕಾಗದದ ಲೇಬಲ್‌ವರೆಗೆ ಉಳಿಯುವ ಖಾಲಿ ಪಟ್ಟಿಯಿದೆಯಲ್ಲ, ಸಂಗ್ರಾಹಕರು ‘ಡೆಡ್ ವ್ಯಾಕ್ಸ್’ ಅನ್ನುವುದು ಅದಕ್ಕೆ. ಪ್ಲೇಟಿನ ಜಾತಕ ಇರುವುದು ಅಲ್ಲೇ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಕೈಯಲ್ಲಿ ಗೀಚಿದ ಸಂಖ್ಯೆ, ಅಕ್ಷರ ಮಿನುಗುತ್ತವೆ. ಪುಟ್ಟ ತ್ರಿಕೋನ, ಪಕ್ಕದಲ್ಲೊಂದು ಅಂಕಿ ಕಂಡರೆ ಅದು ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯ ಸರಕು. ಆ ಅಂಕಿ ಕ್ರಮವಾಗಿ ಏರುತ್ತ ಹೋದದ್ದರಿಂದ, ಇಸವಿ ಅಚ್ಚಾಗದ ಪ್ಲೇಟಿಗೂ ಕಾಲ ಕಟ್ಟಬಹುದು. ಮೆಂಫಿಸ್‌ನಲ್ಲೇ ಅಚ್ಚಾದ ಸನ್ ಪ್ಲೇಟುಗಳ ಲೇಬಲ್ ಮೇಲೆ ಮೂರು ದುಂಡನೆಯ ಒತ್ತುಗುರುತು ಇರುತ್ತವೆ. ನಕಲಿ ಹಿಡಿಯಲು ಇದು ಒಳ್ಳೆಯ ಸುಳಿವು. ಹಾಗಂತ ಗುರುತಿಲ್ಲದ್ದನ್ನೆಲ್ಲ ನಕಲಿ ಅನ್ನಬೇಡಿ. ಸನ್ ಬೇರೆ ಕಾರ್ಖಾನೆಗಳಲ್ಲೂ ಅಚ್ಚು ಹಾಕಿಸುತ್ತಿತ್ತು.

3. ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟಿ. ಮಂದವಾದ ಸದ್ದು ಬಂದರೆ ವಿನೈಲ್, ಕಣಕಣ ಅಂದರೆ ಸ್ಟೈರೀನ್. ಸ್ಟೈರೀನ್ ಅಗ್ಗ, ಬಾಗದು, ಬೇಗ ಸವೆಯುತ್ತದೆ. ನೋಡಲು ಫಳಫಳ ಹೊಳೆಯುವ ಸ್ಟೈರೀನ್ ಪ್ಲೇಟು ಹಾಕಿದರೆ ಬರೀ ಗೊರಗೊರ ಕೇಳಿಸುವುದುಂಟು. ಇಂಥದನ್ನು ಕೇಳದೆ ಕೊಳ್ಳಲೇಬಾರದು.

4. ಹಿಂಬದಿಯನ್ನೂ ಹಾಕಿ. ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ 1954ರಲ್ಲಿ ಬಂದದ್ದೇ ಬಿ ಸೈಡ್ ಆಗಿ. ಮರುವರ್ಷ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಸಿನಿಮಾದಲ್ಲಿ ಮೊಳಗಿದ ಮೇಲಷ್ಟೇ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ್ದು. ಕಂಪನಿಯವರು ಮಾರಲೆಂದು ಮುಂದೆ ಹಾಕಿದ್ದು ಸಪ್ಪೆ ಪ್ರೇಮಗೀತೆಯಾಗಿದ್ದು, ಹುಡುಗರು ಮೈಮರೆತು ಬಾರಿಸಿದ್ದೆಲ್ಲ ಹಿಂದೆ ಅಡಗಿರುವುದು ಮೊದಲು ಹೇಳಿದಂಥ ಪುಟ್ಟ ಕಂಪನಿಗಳ ಪ್ಲೇಟುಗಳಲ್ಲಿ ಮಾಮೂಲು.

5. ಐವತ್ತರ ದಶಕದ ಮೋನೋ ಸಿಂಗಲ್‌ಗಳ ಗೆರೆಯನ್ನು ಸುಮಾರು 25 ಮೈಕ್ರಾನ್ ತುದಿಯ ಮುಳ್ಳಿಗೆಂದು ಕೊರೆದದ್ದು. ಈಗಿನ ಸ್ಟೀರಿಯೋ ಮುಳ್ಳು ಅದಕ್ಕಿಂತ ಚೂಪು, ಗೆರೆಯ ತಳಕ್ಕಿಳಿದು ಅಲ್ಲಿನ ಕೊಳೆಯನ್ನೂ ಹಾಡಿಸುತ್ತದೆ. ಬೇರೆ ಮೋನೋ ಮುಳ್ಳು ಇಟ್ಟುಕೊಳ್ಳಿ.

6. ನಮ್ಮ ನೆಲದ ವಿಚಿತ್ರವನ್ನು ಬಿಡಬೇಡಿ. ಅಮೆರಿಕದಲ್ಲಿ 1949ರಲ್ಲೇ 45 ಸುತ್ತಿನ ಪ್ಲೇಟು ಬಂದು, ಅರವತ್ತರ ಹೊತ್ತಿಗೆ 78 ಸುತ್ತಿನದು ಮೂಲೆ ಸೇರಿತ್ತು. ಇಲ್ಲಿ ಕೀಲಿ ಕೊಡುವ ಗ್ರಾಮಫೋನುಗಳು ಇನ್ನೂ ಓಡುತ್ತಿದ್ದುದರಿಂದ ಬೀಟಲ್ಸ್ ಹಾಡುಗಳು ಕೂಡ 78ರಲ್ಲಿ ಅಚ್ಚಾದವು. ವಿದೇಶದ ಸಂಗ್ರಾಹಕರು ಇವಕ್ಕೆ ಮುಗಿಬೀಳುತ್ತಾರೆ. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಹಳೆಯ ಭಾವಗೀತೆಗಳ ರಾಶಿಯ ಅಡಿಯವರೆಗೂ ಕೈ ಹಾಕಿ ನೋಡಿ. ಸಿಕ್ಕರೆ, ವಿನೈಲ್ ತೊಳೆಯುವ ದ್ರವದಿಂದ ಮಾತ್ರ ಒರೆಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಸ್ಪಿರಿಟ್ ಇರುತ್ತದೆ, ಹಳೆಯ 78ಗಳು ಅರಗಿನವು, ಸ್ಪಿರಿಟ್ ತಾಕಿದರೆ ಕರಗುತ್ತವೆ. ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸಾಕು. ಲೇಬಲ್ ನೆನೆಯದಂತೆ ನೋಡಿಕೊಳ್ಳಿ.