ದೂರದ ಸರ್ವರಿನಿಂದ ಕಡತ ತರಿಸುವ ಶೆಲ್ ಫಂಕ್ಷನ್

ತಯಾರಕರ ಸರ್ವರಿನಿಂದ ಅಂದಂದಿನ ದರಪಟ್ಟಿಯನ್ನು ಇಳಿಸಿಕೊಂಡು ಬಿಲ್ಲಿಂಗ್ ತಂತ್ರಾಂಶಕ್ಕೆ ಊಡಿಸುವುದು ಅನೇಕ ವಿತರಕರ ಕಚೇರಿಗಳಲ್ಲಿ ಬೆಳಗಿನ ಮೊದಲ ಕೆಲಸ. ಲಿನಕ್ಸ್ ಗಣಕವಿರುವಲ್ಲಿ ಇದನ್ನು ನಾಲ್ಕಾರು ಸಾಲುಗಳ ಶೆಲ್ ಫಂಕ್ಷನ್ನಿಗೆ ಒಪ್ಪಿಸಬಹುದು. ಫಂಕ್ಷನ್ ಎಂದರೆ ಹಲವು ಆದೇಶಗಳನ್ನು ಒಂದು ಹೆಸರಿನಡಿ ಕಟ್ಟಿಟ್ಟ ಗಂಟು. ಅದಕ್ಕೆ ‘ತರಿಸು’ ಎಂದು ಹೆಸರಿಟ್ಟರೆ, ಆ ಹೆಸರಿನ ಮುಂದೆ ಕಡತದ ವಿಳಾಸವನ್ನೂ ಉಳಿಸಬೇಕಾದ ಹೆಸರನ್ನೂ ಬೆರಳಚ್ಚಿಸಿದರೆ ಸಾಕು. ಇವೆರಡೂ ಫಂಕ್ಷನ್ನಿನೊಳಗೆ ಕ್ರಮವಾಗಿ ‘ಡಾಲರ್ 1’, ‘ಡಾಲರ್ 2’ ಎಂದು ದೊರೆಯುತ್ತವೆ. ಇವನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೇ ಬರೆಯತಕ್ಕದ್ದು. ಇಲ್ಲವಾದರೆ ಹೆಸರಿನ ನಡುವೆ ಖಾಲಿ ಜಾಗವಿದ್ದಾಗ ಶೆಲ್ ಅದನ್ನು ಎರಡು ಹೆಸರುಗಳೆಂದು ಎಣಿಸುತ್ತದೆ.

ತರುವ ಕೆಲಸಕ್ಕೆ 1998ರಿಂದ ಈ ಹೆಸರಿನಲ್ಲಿ ಬಳಕೆಯಲ್ಲಿರುವ ‘ಕರ್ಲ್’ ಯೋಗ್ಯ ಸಾಧನ. ಆದರೆ ಅದರ ಒಂದು ಸ್ವಭಾವವನ್ನು ಅರಿತಿರಬೇಕು. ಕೇಳಿದ ಕಡತ ಇಲ್ಲದಿದ್ದಾಗ ವೆಬ್ ಸರ್ವರ್ 404 ಎಂಬ ಸಂಕೇತದೊಡನೆ ‘ಸಿಗಲಿಲ್ಲ’ ಎಂಬ ಪುಟವೊಂದನ್ನು ಕಳುಹಿಸುತ್ತದೆ. ಕರ್ಲ್ ಆ ಪುಟವನ್ನೇ ದರಪಟ್ಟಿಯ ಹೆಸರಿನಲ್ಲಿ ಉಳಿಸಿ, ಕಾರ್ಯ ಸಫಲವೆಂದು ಸೊನ್ನೆಯನ್ನು ಹಿಂದಿರುಗಿಸುತ್ತದೆ. (ಶೆಲ್ಲಿನಲ್ಲಿ ಸೊನ್ನೆಯೇ ಯಶಸ್ಸಿನ ಗುರುತು, ಲೆಕ್ಕಪತ್ರದವರಿಗೆ ವಿಚಿತ್ರವೆನಿಸೀತು.) ‘ಫೇಲ್’ ಎಂಬ ಆಯ್ಕೆಯನ್ನು ಸೇರಿಸಿದಾಗ ಮಾತ್ರ ಆ ಪುಟವನ್ನು ಬಿಟ್ಟು ದೋಷಸಂಕೇತವನ್ನು ನೀಡುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಅರ್ಧ ಬಂದ ಕಡತ. ಸಂಪರ್ಕವು ನಡುವೆ ಕಡಿದರೆ ಬಂದಷ್ಟು ಭಾಗ ಡಿಸ್ಕಿನಲ್ಲಿ ಉಳಿಯುತ್ತದೆ. ಅಷ್ಟರಲ್ಲಿ ನಿನ್ನೆಯ ಪೂರ್ಣ ಪಟ್ಟಿಯೂ ಅಳಿದುಹೋಗಿರುತ್ತದೆ. ಕೊನೆಯ ಸಾಲಿನ 1250 ರೂಪಾಯಿ 12ಕ್ಕೇ ಕಡಿದು ನಿಂತಿದ್ದರೂ ತಂತ್ರಾಂಶವು ಆ ದರಕ್ಕೇ ಬಿಲ್ ಮಾಡೀತು. ಆದ್ದರಿಂದ ಕಡತವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಇಳಿಸಿ, ಸೊನ್ನೆ ಬಂದ ಬಳಿಕವೇ ‘ಎಂವಿ’ ಆದೇಶದಿಂದ ನಿಜವಾದ ಹೆಸರಿಗೆ ಬದಲಿಸಬೇಕು. ಎರಡೂ ಆದೇಶಗಳ ನಡುವೆ ಜೋಡಿ ಆಂಪರ್ಸ್ಯಾಂಡ್ ಚಿಹ್ನೆಯನ್ನಿಟ್ಟರೆ, ಮೊದಲನೆಯದು ಗೆದ್ದ ಹೊರತು ಎರಡನೆಯದು ನಡೆಯದು. ತಾತ್ಕಾಲಿಕ ಕಡತವು ಅದೇ ಫೋಲ್ಡರಿನಲ್ಲಿರಲಿ. ಆಗ ಹೆಸರಿನ ಬದಲಾವಣೆ ಒಂದೇ ಹೆಜ್ಜೆಯಲ್ಲಿ ಮುಗಿಯುತ್ತದೆ. ವಿಫಲವಾದಾಗ ತುಣುಕನ್ನು ಅಳಿಸಿ, ಪರದೆಯ ಮೇಲೆ ಸೂಚನೆ ತೋರಿಸಿ, ಸೊನ್ನೆಯಲ್ಲದ ಸಂಖ್ಯೆಯನ್ನು ಹಿಂದಿರುಗಿಸುವಂತೆ ಬರೆಯಬೇಕು.

ನಿಂತಲ್ಲಿಂದ ಮುಂದುವರಿಸುವ ಆಯ್ಕೆಯೂ ಕರ್ಲ್‌ನಲ್ಲಿದೆ. ದಿನವೂ ಬದಲಾಗುವ ಚಿಕ್ಕ ಪಟ್ಟಿಗೆ ಅದು ಬೇಡ. ನಿನ್ನೆಯ ತಲೆಗೆ ಇಂದಿನ ಬಾಲ ಸೇರಿದ ಕಡತ ಸಿದ್ಧವಾದೀತು.

ಫಂಕ್ಷನ್ನನ್ನು ‘ಬ್ಯಾಶ್‌ಆರ್‌ಸಿ’ ಕಡತದಲ್ಲಿ ಬರೆದಿಡುವುದು ವಾಡಿಕೆ. ಆದರೆ ನಿಗದಿತ ವೇಳೆಗೆ ಕೆಲಸ ನಡೆಸುವ ‘ಕ್ರಾನ್’ ಅದನ್ನು ಓದುವುದಿಲ್ಲ. ಕಚೇರಿ ತೆರೆಯುವ ಮುನ್ನವೇ ಪಟ್ಟಿ ಬಂದಿರಬೇಕೆನ್ನುವವರು ಫಂಕ್ಷನ್ನನ್ನೂ ಅದನ್ನು ಕರೆಯುವ ಸಾಲನ್ನೂ ಪ್ರತ್ಯೇಕ ಸ್ಕ್ರಿಪ್ಟಿನಲ್ಲಿ ಬರೆದು, ಕ್ರಾನ್‌ಗೆ ಆ ಸ್ಕ್ರಿಪ್ಟಿನ ಪೂರ್ಣ ಹಾದಿಯನ್ನು ಕೊಡಬೇಕು.